ಬೆಟ್ಟವನ್ನೇರುವ ಇಂಜಿನಿನ ಉಸಿರು

ನಮ್ಮ ಶಾಲೆಯ ಪ್ರಯೋಗಶಾಲೆಯ ಕಪಾಟಿನಲ್ಲಿ, ಗಾಜಿನ ನಳಿಗೆಗಳ ಪಕ್ಕದಲ್ಲಿ, ಬಸವನಹುಳುವಿನ ಎರಡು ಚಿಪ್ಪುಗಳನ್ನು ಬೆನ್ನಿಗೆ ಬೆನ್ನು ಜೋಡಿಸಿದಂತಹ ವಸ್ತುವೊಂದು ಕಳೆದ ವರ್ಷದಿಂದ ಕುಳಿತಿದೆ. ಒಂದು ಚಿಪ್ಪು ತುಕ್ಕಿನ ಬಣ್ಣದ ಎರಕದ ಕಬ್ಬಿಣದ್ದು, ಇನ್ನೊಂದು ಬಿಳುಪಾದ ಅಲ್ಯೂಮಿನಿಯಮಿನದು. ಕೆಳಗಿನ ತರಗತಿಯ ಹುಡುಗರು ಅದನ್ನು ಶಂಖವೆಂದು ತಿಳಿದು ಊದಿ ನೋಡಿದ್ದೂ ಉಂಟು. ಅದು ಶಂಖವಲ್ಲ, ಮೋಟಾರು ಕಾರಿನ ಟರ್ಬೋಚಾರ್ಜರು. ಅದು ನಮ್ಮ ಕಪಾಟಿಗೆ ಬಂದು ಸೇರಿದ ಬಗೆಯನ್ನೂ, ಬೆಟ್ಟದ ಮೇಲೆ ಅದು ಮಾಡುವ ಕೆಲಸವನ್ನೂ, ಕೆಲವೊಮ್ಮೆ ಮಾಡಲಾರದೆ ಸೋಲುವುದನ್ನೂ ವಿದ್ಯಾರ್ಥಿಮಿತ್ರರಿಗೆ ತಿಳಿಸಬೇಕೆಂದು ಈ ಲೇಖನವನ್ನು ಬರೆಯಲು ಕುಳಿತಿದ್ದೇವೆ.

ಎರಡು ವರ್ಷಗಳ ಹಿಂದೆ ಬೇಸಗೆಯ ರಜೆಯ ಕೊನೆಯಲ್ಲಿ ನಾವು ನಮ್ಮ ಸ್ನೇಹಿತರೊಬ್ಬರ ಕಾರಿನಲ್ಲಿ ಮುಂಬಯಿಯಿಂದ ಲೇಹದವರೆಗೆ ಪ್ರವಾಸ ಹೊರಟಿದ್ದೆವು. ಒಂದೂವರೆ ಲೀಟರಿನ ಪುಟ್ಟ ಪೆಟ್ರೋಲ್ ಇಂಜಿನು, ಅದಕ್ಕೊಂದು ಟರ್ಬೋ. ಕಂಪನಿಯವರು ಕೊಟ್ಟ ಶಕ್ತಿ ಸಾಲದೆಂದು ಸ್ನೇಹಿತರು ಹೊರಡುವ ಮುನ್ನ ಒಂದು ವರ್ಕ್‌ಶಾಪಿನಲ್ಲಿ ಇಂಜಿನಿನ ಕಂಪ್ಯೂಟರಿನ ಅಂಕಿಗಳನ್ನು ತಿದ್ದಿಸಿದ್ದರು. ಈ ತಿದ್ದುಪಡಿಯನ್ನು ‘ಟ್ಯೂನಿಂಗ್’ ಎನ್ನುತ್ತಾರೆ. ಮುಂಬಯಿಯ ರಸ್ತೆಯಲ್ಲಿ ಆ ಕಾರು ಪೆಡಲನ್ನು ಮುಟ್ಟಿದರೆ ಸಾಕು, ಚಿಗರೆಯಂತೆ ನೆಗೆಯುತ್ತಿತ್ತು. ಮನಾಲಿಯವರೆಗೂ ಅದರ ಮೇಲೆ ನಮಗೆ ಯಾವ ದೂರೂ ಇರಲಿಲ್ಲ.

ತಂಗ್ಲಾಂಗ್ ಲಾ ಎಂಬ ಕಣಿವೆದಾರಿ ಸಮುದ್ರಮಟ್ಟದಿಂದ ಸುಮಾರು 5,300 ಮೀಟರು ಎತ್ತರದಲ್ಲಿದೆ. ಅದರ ನೆತ್ತಿಗೆ ಇನ್ನು ಸ್ವಲ್ಪವೇ ದೂರವಿದ್ದಾಗ ನಮ್ಮ ಮುಂದೆ ತೈಲದ ಟ್ಯಾಂಕರೊಂದು ಆಮೆಯ ನಡಿಗೆಯಲ್ಲಿ ಏರುತ್ತಿತ್ತು. ರಸ್ತೆ ನೇರವಾಗಿ ಕಂಡಿತು. ಸ್ನೇಹಿತರು ಕಾರನ್ನು ಬಲಕ್ಕೆ ತೆಗೆದು ಪೆಡಲನ್ನು ಒತ್ತಿದರು. ಕಾರು ಮುಂದೆ ಹೋಗಲಿಲ್ಲ. ಒಂದು, ಎರಡು ಎಂದು ಎಣಿಸುವಷ್ಟು ಹೊತ್ತು ಟ್ಯಾಂಕರಿನ ಪಕ್ಕದಲ್ಲಿಯೇ ಅದರೊಡನೆ ತೆವಳಿತು. ಅಷ್ಟರಲ್ಲಿ ಮೇಲಿನ ತಿರುವಿನಿಂದ ಲಾರಿಯೊಂದು ಇಳಿದು ಬಂದಿತು. ಸ್ನೇಹಿತರು ಬ್ರೇಕು ಹಾಕಿ ಟ್ಯಾಂಕರಿನ ಹಿಂದಕ್ಕೆ ಸರಿಯುವುದಕ್ಕೂ ಲಾರಿಯು ನಮ್ಮ ಬದಿಯ ಕನ್ನಡಿಯಿಂದ ಅಂಗೈಯಗಲದ ಅಂತರದಲ್ಲಿ ಹಾದುಹೋಗುವುದಕ್ಕೂ ಸರಿಹೋಯಿತು. ಅನಂತರ ಅವರು ಗಾಬರಿಯಲ್ಲಿ ಮತ್ತೊಮ್ಮೆ ಪೆಡಲನ್ನು ಒತ್ತಿದಾಗ ಇಂಜಿನಿನೊಳಗಿಂದ ಸೀಟಿಯಂತಹ ಕೀರಲು ದನಿಯೊಂದು ಎದ್ದಿತು, ಹಳದಿ ದೀಪ ಹತ್ತಿತು, ಇದ್ದ ಶಕ್ತಿಯೂ ಉಡುಗಿತು. ನೆತ್ತಿಯನ್ನು ತಲುಪಿ ನಿಂತಾಗ ಟ್ಯಾಂಕರಿನ ಚಾಲಕನು ಬಂದು ನಮ್ಮ ನಂಬರಿನ ಫಲಕವನ್ನು ನೋಡಿ, ‘ಸಾಹೇಬರೆ, ಮುಂಬಯಿಯ ಕಾಲನ್ನು ಇಲ್ಲಿಗೆ ತರಬಾರದು’ ಎಂದು ಹಿಂದಿಯಲ್ಲಿ ಹೇಳಿದನು. ಆತನ ಮಾತಿನಲ್ಲಿ ಎಷ್ಟು ಶಾಸ್ತ್ರವಿತ್ತೆಂಬುದು ನಮಗೆ ಆಮೇಲೆ ತಿಳಿಯಿತು.

ಮೊದಲು ಗಾಳಿಯ ವಿಚಾರ. ಗಾಳಿಗೆ ತೂಕವಿದೆಯೆಂಬುದನ್ನೂ, ನಾವೆಲ್ಲರೂ ವಾಯುಸಾಗರದ ತಳದಲ್ಲಿ ಬಾಳುತ್ತಿರುವೆವೆಂಬುದನ್ನೂ ಒಂಬತ್ತನೆಯ ತರಗತಿಯವರು ಓದಿರುತ್ತಾರೆ. 1648ರ ಸೆಪ್ಟೆಂಬರಿನಲ್ಲಿ ಪಾಸ್ಕಲನ ಭಾವನಾದ ಪೆರಿಯೆ ಎಂಬಾತನು ಫ್ರಾನ್ಸಿನ ಪ್ವೀ ದ ದೋಮ್ ಎಂಬ ಬೆಟ್ಟಕ್ಕೆ ಪಾದರಸದ ನಳಿಗೆಯನ್ನು ಹೊತ್ತೊಯ್ದು, ಮೇಲೆ ಹೋದಂತೆ ಪಾದರಸವು ಇಳಿಯುವುದನ್ನು ಕಣ್ಣಾರೆ ಕಂಡನು. ಮೇಲೇರಿದಷ್ಟೂ ನಮ್ಮ ತಲೆಯ ಮೇಲಿರುವ ಗಾಳಿ ಕಡಿಮೆ. ಆದುದರಿಂದ ಅದರ ಒತ್ತಡವೂ ಕಡಿಮೆ. ಸಮುದ್ರಮಟ್ಟದ ಒತ್ತಡವನ್ನು ನೂರು ಎಂದು ಹಿಡಿದರೆ 1,000 ಮೀಟರಿನಲ್ಲಿ ಅದು ಸುಮಾರು 89, 3,000 ಮೀಟರಿನಲ್ಲಿ 69, ಲೇಹದ 3,500 ಮೀಟರಿನಲ್ಲಿ 65, ತಂಗ್ಲಾಂಗ್ ಲಾದಲ್ಲಿ ಅರ್ಧಕ್ಕಿಂತ ತುಸುವೇ ಹೆಚ್ಚು. ಗಾಳಿಯಲ್ಲಿ ಆಮ್ಲಜನಕದ ಪಾಲು ಅಲ್ಲಿಯೂ ನೂರಕ್ಕೆ 21 ಭಾಗವೇ. ‘ಮೇಲೆ ಆಮ್ಲಜನಕವಿಲ್ಲ’ ಎಂದು ಜನರು ಹೇಳುವುದು ಅಷ್ಟು ಸರಿಯಲ್ಲ. ಅಲ್ಲಿ ಎಲ್ಲವೂ ವಿರಳ, ಅಷ್ಟೆ.

ಇನ್ನು ಇಂಜಿನು. ಕಾರು ಪೆಟ್ರೋಲಿನಿಂದ ಓಡುತ್ತದೆಂದು ನಾವು ಹೇಳುತ್ತೇವೆ. ಆದರೆ ತೂಕ ಹಾಕಿ ನೋಡಿದರೆ ಅದು ತಿನ್ನುವುದರಲ್ಲಿ ಹೆಚ್ಚಿನ ಪಾಲು ಗಾಳಿಯೇ. ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ತಿಯಾಗಿ ಉರಿಯಬೇಕಾದರೆ ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ನಮ್ಮ ಸ್ನೇಹಿತರ ಒಂದೂವರೆ ಲೀಟರಿನ ಇಂಜಿನಿಗೆ ಟರ್ಬೋ ಇಲ್ಲವೆಂದು ತಿಳಿಯೋಣ. ನಾಲ್ಕು ಹೊಡೆತಗಳ ಇಂಜಿನು ಎರಡು ಸುತ್ತಿಗೊಮ್ಮೆ ಉಸಿರೆಳೆಯುತ್ತದಷ್ಟೆ. ನಿಮಿಷಕ್ಕೆ 3,000 ಸುತ್ತು ತಿರುಗಿದಾಗ ಅದು ಹೆಚ್ಚೆಂದರೆ 2,250 ಲೀಟರು ಗಾಳಿಯನ್ನು ಎಳೆದುಕೊಂಡೀತು. ಸಮುದ್ರಮಟ್ಟದಲ್ಲಿ ಅಷ್ಟು ಗಾಳಿಯ ತೂಕ ಸುಮಾರು ಎರಡೂ ಮುಕ್ಕಾಲು ಕಿಲೋಗ್ರಾಂ. 3,000 ಮೀಟರಿನಲ್ಲಿ ಅದೇ 2,250 ಲೀಟರಿನ ತೂಕ ಎರಡು ಕಿಲೋಗ್ರಾಮಿನ ಆಸುಪಾಸು. ಸಿಲಿಂಡರುಗಳು ಹಿಂದಿನಂತೆಯೇ ತುಂಬಿದವು, ಆದರೆ ಹೊಟ್ಟೆ ತುಂಬಲಿಲ್ಲ. ಗಾಳಿ ಇಲ್ಲದ ಮೇಲೆ ಪೆಟ್ರೋಲನ್ನು ಹೆಚ್ಚಾಗಿ ಸುರಿದು ಪ್ರಯೋಜನವಿಲ್ಲ. ಸುರಿದುದು ಉರಿಯದೆ ಕಪ್ಪು ಹೊಗೆಯಾಗಿ ಹೋಗುತ್ತದೆ. ಹೀಗಾಗಿ ಟರ್ಬೋ ಇಲ್ಲದ ಇಂಜಿನು ಸಾವಿರ ಮೀಟರು ಏರಿದಂತೆಲ್ಲ ಸುಮಾರಾಗಿ ನೂರಕ್ಕೆ ಹತ್ತರಷ್ಟು ಶಕ್ತಿಯನ್ನು ಕಳೆದುಕೊಳ್ಳುತ್ತ ಹೋಗುತ್ತದೆ.

ಹಳೆಯ ಕಾರುಗಳಿಗೆ ಇನ್ನೊಂದು ಕಷ್ಟವಿತ್ತು. ಅವುಗಳ ಕಾರ್ಬ್ಯುರೇಟರು ಗಾಳಿಯ ಹರಿವನ್ನು ನೋಡಿ ಪೆಟ್ರೋಲನ್ನು ಬೆರೆಸುವ ಸರಳ ಯಂತ್ರ. ಗಾಳಿ ಹಗುರಾದುದನ್ನು ಅದು ಸರಿಯಾಗಿ ಅರಿಯದು. ಗಾಳಿಯ ಸಾಂದ್ರತೆ ಎಷ್ಟು ಇಳಿಯಿತೋ ಅಷ್ಟಕ್ಕೆ ಪೆಟ್ರೋಲನ್ನು ಇಳಿಸದೆ, ಅದರ ವರ್ಗಮೂಲದಷ್ಟೇ ಇಳಿಸುತ್ತದೆ. ಲೆಕ್ಕ ಹಾಕಿದರೆ 3,000 ಮೀಟರಿನಲ್ಲಿ ಮಿಶ್ರಣವು ಬೇಕಾದುದಕ್ಕಿಂತ ನೂರಕ್ಕೆ ಹದಿನಾರರಷ್ಟು ದಟ್ಟವಾಗುತ್ತದೆ. ಅದಕ್ಕಾಗಿ ಬೆಟ್ಟದ ಊರುಗಳಲ್ಲಿ ಕಾರ್ಬ್ಯುರೇಟರಿನ ಜೆಟ್ಟನ್ನು ತೆಗೆದು ಸಣ್ಣ ತೂತಿನದನ್ನು ಹಾಕುತ್ತಿದ್ದರು. ಕೆಳಗಿಳಿದ ಮೇಲೆ ಮತ್ತೆ ದೊಡ್ಡದನ್ನು. ಖಂಡಾಳದ ಘಾಟಿನಲ್ಲಿ ಚಾಲಕರು ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಕಾಯುತ್ತಿದ್ದುದನ್ನು ನಮ್ಮ ಪ್ರಾಯದವರು ಕಂಡಿದ್ದೇವೆ. ಅದು ಬೇರೆಯ ರೋಗ, ಕಾವಿಗೆ ಪೆಟ್ರೋಲು ಆವಿಯಾಗಿ ಪಂಪನ್ನು ಕಟ್ಟುವುದು; ಆದರೂ ಬೆಟ್ಟ ಹತ್ತುವುದೆಂದರೆ ಇಂಜಿನಿನ ನಾಡಿ ಹಿಡಿದು ನಡೆಸುವುದೆಂಬ ಅರಿವು ಆ ಚಾಲಕರಿಗೆ ಇದ್ದಿತು. ಲೋಣಾವಳದ ಎತ್ತರ ಆರುನೂರು ಮೀಟರಿಗೆ ತುಸು ಮೇಲೆ. ಒತ್ತಡದ ನಷ್ಟ ನೂರಕ್ಕೆ ಏಳು. ಈಗಿನ ಕಾರಿನಲ್ಲಿ ಕುಳಿತವರಿಗೆ ಅದು ಗೊತ್ತಾಗುವುದೂ ಇಲ್ಲ.

ಈಗ ಕಪಾಟಿನ ಶಂಖಕ್ಕೆ ಬರೋಣ. ಇಂಜಿನಿನಿಂದ ಹೊರಬೀಳುವ ಸುಟ್ಟ ಅನಿಲದಲ್ಲಿ ಕಾವೂ ವೇಗವೂ ಬೇಕಾದಷ್ಟಿವೆ. ಅದನ್ನು ಸುಮ್ಮನೆ ಬಿಡದೆ ಕಬ್ಬಿಣದ ಚಿಪ್ಪಿನೊಳಗೆ ಹಾಯಿಸಿದರೆ ಅಲ್ಲಿರುವ ಪುಟ್ಟ ಗಾಲಿಯೊಂದು ತಿರುಗುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯಲ್ಲಿ, ಅಲ್ಯೂಮಿನಿಯಂ ಚಿಪ್ಪಿನೊಳಗೆ, ಮತ್ತೊಂದು ಗಾಲಿ. ಅದು ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಇಂಜಿನಿಗೆ ತುಂಬುತ್ತದೆ. ಬಿಸಾಡುವ ಉಸಿರಿನಿಂದಲೇ ಒಳಗೆಳೆಯುವ ಉಸಿರನ್ನು ಬಲಪಡಿಸುವ ಈ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿಯು 1905ರಲ್ಲಿಯೇ ಪೇಟೆಂಟು ಪಡೆದನು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಓಗ್ಯುಸ್ತ್ ರಾಟೋ ಅದನ್ನು ವಿಮಾನಕ್ಕೆ ಅಳವಡಿಸಲು ಶ್ರಮಿಸಿದನು. ಟರ್ಬೋ ಎಂದೊಡನೆ ಈಗಿನವರಿಗೆ ವೇಗದ ಕಾರು ನೆನಪಾಗುತ್ತದೆ. ಆದರೆ ರಾಟೋ ಮುಂತಾದವರನ್ನು ಅದರ ಕಡೆಗೆ ಸೆಳೆದುದು ಎತ್ತರದಲ್ಲಿ ಸೊರಗುವ ವಿಮಾನದ ಇಂಜಿನು.

ಇದರ ಪರೀಕ್ಷೆ ನಡೆದ ರೀತಿ ಬಹಳ ಸೊಗಸಾಗಿದೆ. ಅಮೆರಿಕೆಯ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಸ್ಯಾನ್ಫರ್ಡ್ ಮಾಸ್ ಎಂಬ ಇಂಜಿನಿಯರನು ತನ್ನ ಟರ್ಬೋವನ್ನು ಎತ್ತರದ ಗಾಳಿಯಲ್ಲಿ ಒರೆಹಚ್ಚಬೇಕಾಗಿತ್ತು. ಹಾರುತ್ತಿರುವ ವಿಮಾನದಲ್ಲಿ ಶಕ್ತಿಯನ್ನು ಅಳೆಯುವುದು ಕಷ್ಟ. ಆದುದರಿಂದ ಅವನು ಇಂಜಿನನ್ನು ಆಕಾಶಕ್ಕೆ ಒಯ್ಯುವ ಬದಲು ಬೆಟ್ಟಕ್ಕೆ ಒಯ್ದನು. ಕೊಲರಾಡೋ ಪ್ರಾಂತದ ಪೈಕ್ಸ್ ಪೀಕ್ ಶಿಖರದ ಎತ್ತರ 14,115 ಅಡಿ, ಅಂದರೆ ಸುಮಾರು 4,300 ಮೀಟರು. ಶಿಖರದವರೆಗೂ ಆಗಲೇ ಮೋಟಾರು ರಸ್ತೆಯಿತ್ತು. 1918ರ ಸೆಪ್ಟೆಂಬರಿನಲ್ಲಿ ಹನ್ನೆರಡು ಸಿಲಿಂಡರುಗಳ ಲಿಬರ್ಟಿ ವಿಮಾನದ ಇಂಜಿನನ್ನು ಟ್ರಕ್ಕಿನ ಮೇಲೆ ಹೇರಿಕೊಂಡು ಅವರು ಆ ರಸ್ತೆಯನ್ನು ಏರಿದರು. ಕೆಳಗೆ 350 ಅಶ್ವಶಕ್ತಿ ಕೊಡುತ್ತಿದ್ದ ಇಂಜಿನು ಶಿಖರದಲ್ಲಿ ಟರ್ಬೋ ಇಲ್ಲದೆ 230ಕ್ಕೆ ಇಳಿಯಿತು. ಟರ್ಬೋ ಜೋಡಿಸಿದಾಗ 356 ಕೊಟ್ಟಿತು! ನೆಲದ ಮೇಲಿನ ಗಾಳಿಯನ್ನೇ ಮೂಟೆ ಕಟ್ಟಿ ಶಿಖರಕ್ಕೆ ಹೊತ್ತೊಯ್ದಂತಾಯಿತು. ಎರಡು ವರ್ಷಗಳೊಳಗೆ, 1920ರ ಫೆಬ್ರವರಿಯಲ್ಲಿ, ಮೇಜರ್ ಶ್ರೋಡರ್ ಎಂಬ ವೈಮಾನಿಕನು ಟರ್ಬೋ ಇದ್ದ ಲಿಬರ್ಟಿ ಇಂಜಿನಿನ ವಿಮಾನದಲ್ಲಿ 33,000 ಅಡಿಯನ್ನು ಮೀರಿ ಹಾರಿದನು.

ಹಾಗಾದರೆ ಟರ್ಬೋ ಇದ್ದೂ ನಮ್ಮ ಕಾರು ತಂಗ್ಲಾಂಗ್ ಲಾದಲ್ಲಿ ಏಕೆ ಕೈಕೊಟ್ಟಿತು? ಇಲ್ಲಿ ಸ್ವಲ್ಪ ನಿಧಾನವಾಗಿ ಓದಬೇಕೆಂದು ಕೋರುತ್ತೇವೆ.

ಕಾರ್ಖಾನೆಯಿಂದ ಬಂದಾಗ ಅದರ ಟರ್ಬೋ ಮುಂಬಯಿಯಲ್ಲಿ ಹೊರಗಿನ ಗಾಳಿಗಿಂತ 0.8 ಬಾರ್ ಹೆಚ್ಚಿನ ಒತ್ತಡವನ್ನು ಕೊಡುತ್ತಿತ್ತೆಂದು ಇಟ್ಟುಕೊಳ್ಳೋಣ. ಹೊರಗಿನದು 1 ಬಾರ್, ಆದುದರಿಂದ ಇಂಜಿನಿಗೆ ಸಿಗುವ ನಿಜವಾದ ಒತ್ತಡ 1.8. ಟರ್ಬೋ ಗಾಳಿಯನ್ನು 1.8 ಪಟ್ಟು ಒತ್ತಬೇಕು. 3,000 ಮೀಟರಿನಲ್ಲಿ ಹೊರಗಿನ ಒತ್ತಡ 0.7. ಅಲ್ಲಿಯೂ ಇಂಜಿನಿಗೆ 1.8 ಸಿಗಬೇಕಾದರೆ ಟರ್ಬೋ ಸುಮಾರು 2.6 ಪಟ್ಟು ಒತ್ತಬೇಕು. ತಂಗ್ಲಾಂಗ್ ಲಾದಲ್ಲಿ ಸುಮಾರು ಮೂರೂವರೆ ಪಟ್ಟು! ಪಟ್ಟು ಹೆಚ್ಚಬೇಕಾದರೆ ಗಾಲಿ ಹೆಚ್ಚು ವೇಗವಾಗಿ ತಿರುಗಬೇಕು. ಚಿಕ್ಕ ಕಾರಿನ ಟರ್ಬೋ ಸಮತಟ್ಟಿನಲ್ಲಿಯೇ ನಿಮಿಷಕ್ಕೆ ಎರಡು ಲಕ್ಷ ಸುತ್ತಿನ ಸುತ್ತಮುತ್ತ ತಿರುಗುವಂಥದು. ಅದರ ಗಾಲಿಗೂ ಅಚ್ಚಿಗೂ ಒಂದು ಮಿತಿಯುಂಟು. ಅದನ್ನು ದಾಟಿಸಿದರೆ ಅಚ್ಚನ್ನು ತೇಲಿಸುವ ಎಣ್ಣೆಯ ಪದರ ಹರಿದು ಲೋಹಕ್ಕೆ ಲೋಹ ತಗಲುತ್ತದೆ, ಕೆಲವೊಮ್ಮೆ ಗಾಲಿಯೇ ಸಿಡಿಯುತ್ತದೆ.

ಒತ್ತಡ ಮಿತಿಮೀರದಂತೆ ಕಾಯಲು ವೇಸ್ಟ್‌ಗೇಟ್ ಎಂಬ ಕಳ್ಳಬಾಗಿಲೊಂದಿದೆ. ಅದು ತೆರೆದಾಗ ಸುಟ್ಟ ಅನಿಲವು ಗಾಲಿಯನ್ನು ಮುಟ್ಟದೆ ಪಕ್ಕದಿಂದ ಹೊರಟುಹೋಗುತ್ತದೆ. ಹಳೆಯ ಮಾದರಿಯ ವೇಸ್ಟ್‌ಗೇಟನ್ನು ಹಿಡಿದಿದ್ದುದು ಒಂದು ಸ್ಪ್ರಿಂಗು. ಅದರ ಬೆನ್ನಿಗೆ ಹೊರಗಿನ ಗಾಳಿ. ಆದುದರಿಂದ ಅದು ಹೊರಗಿಗಿಂತ ಒಳಗೆ 0.8 ಹೆಚ್ಚಾದೊಡನೆ, ಬೆಟ್ಟವಾಗಲಿ ಬಯಲಾಗಲಿ, ತೆರೆದುಕೊಳ್ಳುತ್ತಿತ್ತು. 3,000 ಮೀಟರಿನಲ್ಲಿ ಇಂಜಿನಿಗೆ ಸಿಗುತ್ತಿದ್ದುದು 0.7 ಮತ್ತು 0.8 ಕೂಡಿ 1.5 ಮಾತ್ರ. ಸ್ವಲ್ಪ ನಷ್ಟವಾಯಿತು, ನಿಜ. ಆದರೆ ಟರ್ಬೋ ಇಲ್ಲದ ಇಂಜಿನಿನ ನಷ್ಟದ ಅರ್ಧದಷ್ಟೇ, ಮತ್ತು ಗಾಲಿ ಸುರಕ್ಷಿತ. ಈಗಿನ ಕಾರುಗಳಲ್ಲಿ ಹೊರಗಿನ ವಾಯುಭಾರವನ್ನೂ ಒಳಗಿನ ನಿಜವಾದ ಒತ್ತಡವನ್ನೂ ಅಳೆಯುವ ಸಂವೇದಕಗಳಿವೆ. ಕಂಪ್ಯೂಟರು ವೇಸ್ಟ್‌ಗೇಟನ್ನು ಹೆಚ್ಚು ಹೊತ್ತು ಮುಚ್ಚಿಟ್ಟು, ಒಂದು ಎತ್ತರದವರೆಗೆ 1.8ನ್ನು ಕಾಪಾಡಿಕೊಡುತ್ತದೆ. ಬೆಟ್ಟದ ಮೇಲೆ ಗಾಲಿಯಿಂದಾಚೆಗೆ ಹೊರಹೋಗುವ ದಾರಿಯಲ್ಲಿ ಎದುರೊತ್ತಡವೂ ಕಡಿಮೆಯಾದುದರಿಂದ ಗಾಲಿಗೆ ಅಷ್ಟು ಸಹಾಯವೂ ಆಗುತ್ತದೆ. ಇನ್ನು ಮೇಲಕ್ಕೆ ಹೋದರೆ, ಗಾಲಿಯ ಮಿತಿ ಹತ್ತಿರವಾಯಿತೆಂದು ಲೆಕ್ಕದಿಂದ ತಿಳಿದು, ಒತ್ತಡವನ್ನು ಅದೇ ಇಳಿಸತೊಡಗುತ್ತದೆ. ಕಾರು ಸ್ವಲ್ಪ ಮಂದವಾಗುತ್ತದೆ, ಆದರೆ ಬದುಕುತ್ತದೆ.

ನಮ್ಮ ಸ್ನೇಹಿತರ ಕಾರಿನಲ್ಲಿ ವರ್ಕ್‌ಶಾಪಿನವರು ತಿದ್ದಿದ್ದುದು ಈ ಅಂಕಿಗಳನ್ನೇ. 1.8 ಇದ್ದುದನ್ನು 2.1 ಮಾಡಿದ್ದರು. ಅದಾದರೂ ಹೋಗಲಿ, ಎತ್ತರದಲ್ಲಿ ಒತ್ತಡವನ್ನು ಇಳಿಸುವ ಕಟ್ಟಳೆಯನ್ನು ‘ಶಕ್ತಿಗೆ ಅಡ್ಡಿ’ ಎಂದು ತೆಗೆದುಹಾಕಿದ್ದರು. ಅವರು ಕಾರನ್ನು ಪರೀಕ್ಷಿಸಿದ್ದು ಸಮುದ್ರದ ದಂಡೆಯಲ್ಲಿ. ಅಲ್ಲಿ ಆ ಕಟ್ಟಳೆಗೆ ಕೆಲಸವೇ ಇಲ್ಲವಾದುದರಿಂದ ಅದಿಲ್ಲದ ಕೊರತೆ ಯಾರಿಗೂ ಕಾಣಲಿಲ್ಲ. ತಂಗ್ಲಾಂಗ್ ಲಾದಲ್ಲಿ 2.1 ಬೇಕೆಂದರೆ ಗಾಳಿಯನ್ನು ನಾಲ್ಕು ಪಟ್ಟು ಒತ್ತಬೇಕು. ಕಂಪ್ಯೂಟರು ಕಳ್ಳಬಾಗಿಲನ್ನು ಪೂರ್ತಿ ಮುಚ್ಚಿ ಟರ್ಬೋವನ್ನು ದುಡಿಸಿತು. ಆ ಸೀಟಿಯಂತಹ ದನಿ ಅದರ ಆರ್ತನಾದವಾಗಿತ್ತು.

ಇದು ದನಿಯ ವಿಷಯ. ಅದಕ್ಕೂ ಮೊದಲಿನ ಆ ಎರಡು ಸೆಕೆಂಡುಗಳ ಮೌನಕ್ಕೆ ಕಾರಣ ಬೇರೆ, ಮತ್ತು ಜೀವಕ್ಕೆ ಕುತ್ತಾಗುತ್ತಿದ್ದುದು ಅದೇ. ಟರ್ಬೋ ತಿರುಗಲು ಸುಟ್ಟ ಅನಿಲ ಬೇಕು. ಅನಿಲ ಹೆಚ್ಚಲು ಇಂಜಿನು ಹೆಚ್ಚು ಉರಿಸಬೇಕು. ಹೆಚ್ಚು ಉರಿಸಲು ಟರ್ಬೋ ಗಾಳಿ ಕೊಡಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯಂತೆ ಆಯಿತು! ಈ ಬಿಕ್ಕಟ್ಟು ಸಮತಟ್ಟಿನಲ್ಲಿ ಕ್ಷಣಾರ್ಧದಲ್ಲಿ ಬಿಡುತ್ತದೆ, ಏಕೆಂದರೆ ಟರ್ಬೋ ಎಚ್ಚರಗೊಳ್ಳುವವರೆಗೆ ಇಂಜಿನು ತನ್ನ ಸ್ವಂತ ಉಸಿರಿನಲ್ಲಿ ನಡೆಯಬಲ್ಲುದು. ತಂಗ್ಲಾಂಗ್ ಲಾದಲ್ಲಿ ಆ ಸ್ವಂತ ಉಸಿರು ಅರ್ಧವಾಗಿತ್ತು. ಟರ್ಬೋ ಎಚ್ಚರಗೊಳ್ಳುವ ಸುತ್ತು ಮುಂಬಯಿಯಲ್ಲಿ 1,800 ಇದ್ದರೆ ಅಲ್ಲಿ ಅದು ಇನ್ನೂ ಮೇಲಕ್ಕೆ ಸರಿದಿತ್ತು. ಸ್ನೇಹಿತರು ಮುಂಬಯಿಯ ರೂಢಿಯಂತೆ ಮೇಲಿನ ಗೇರಿನಲ್ಲಿಯೇ ಪೆಡಲನ್ನು ಒತ್ತಿದ್ದರು. ಟ್ಯಾಂಕರಿನ ಚಾಲಕನು ‘ಮುಂಬಯಿಯ ಕಾಲು’ ಎಂದುದರ ಅರ್ಥ ಇದೇ. ಗೇರನ್ನು ಮೊದಲೇ ಇಳಿಸಿ, ಇಂಜಿನನ್ನು ಮೂರು ಸಾವಿರ ಸುತ್ತಿಗೆ ತಂದು, ಅದು ಎಳೆಯತೊಡಗಿದ ಮೇಲೆಯೇ ಬಲಕ್ಕೆ ತಿರುಗಬೇಕೆಂದು ಆತನು ಕೈಸನ್ನೆಯಿಂದ ತೋರಿಸಿಕೊಟ್ಟನು.

ಒತ್ತಿದ ಗಾಳಿಗೆ ಕಾವೇರುವುದನ್ನೂ ಹೇಳಬೇಕು. ಸೈಕಲ್ಲಿಗೆ ಗಾಳಿ ಹಾಕುವಾಗ ಪಂಪಿನ ತುದಿ ಬಿಸಿಯಾಗುವುದನ್ನು ಬಲ್ಲವರಿಗೆ ಇದು ಹೊಸದಲ್ಲ. ನೂರಕ್ಕೆ ಎಪ್ಪತ್ತು ದಕ್ಷತೆಯ ಟರ್ಬೋ 27 ಡಿಗ್ರಿಯ ಗಾಳಿಯನ್ನು 1.8 ಪಟ್ಟು ಒತ್ತಿದರೆ ಅದು ಸುಮಾರು 105 ಡಿಗ್ರಿಗೆ ಏರುತ್ತದೆ. 3,000 ಮೀಟರಿನಲ್ಲಿ 7 ಡಿಗ್ರಿಯ ತಣ್ಣನೆಯ ಗಾಳಿಯನ್ನೇ 2.6 ಪಟ್ಟು ಒತ್ತಿದರೂ ಅದು 130 ಡಿಗ್ರಿಯನ್ನು ಮುಟ್ಟುತ್ತದೆ. ಹೊರಗೆ ಚಳಿ, ಒಳಗೆ ಹೆಚ್ಚಿನ ಬೇಗೆ! ಇದನ್ನು ತಣಿಸಲು ಮುಂದುಗಡೆ ಇಂಟರ್‌ಕೂಲರಿದೆ. ಆದರೆ ಅದನ್ನು ತಣಿಸುವ ಗಾಳಿಯೂ ಬೆಟ್ಟದಲ್ಲಿ ವಿರಳವೇ. ಬಿಸಿ ಗಾಳಿ ಸಿಲಿಂಡರನ್ನು ಸೇರಿದರೆ ಪೆಟ್ರೋಲು ಕಿಡಿಯಿಂದ ಕ್ರಮವಾಗಿ ಉರಿಯುವ ಮೊದಲೇ ಮೂಲೆಯಲ್ಲೆಲ್ಲೋ ತಾನಾಗಿ ಸಿಡಿಯುತ್ತದೆ. ಮೆಕ್ಯಾನಿಕರು ಇದನ್ನು ನಾಕಿಂಗ್ ಎನ್ನುತ್ತಾರೆ. ಪಿಸ್ಟನ್ನಿಗೆ ಸುತ್ತಿಗೆಯ ಪೆಟ್ಟು ಅದು. ಕಂಪ್ಯೂಟರು ಇದನ್ನು ಆಲಿಸಿ ಕಿಡಿಯನ್ನು ತಡವಾಗಿ ಹೊತ್ತಿಸುತ್ತದೆ. ಆಗ ಶಕ್ತಿ ಮತ್ತಷ್ಟು ಇಳಿಯುತ್ತದೆ. ಟರ್ಬೋ ಇಲ್ಲದ ಕಾರಿಗೆ ಬೆಟ್ಟದಲ್ಲಿ ಈ ಭಯ ಕಡಿಮೆ, ಏಕೆಂದರೆ ಅದರ ಸಿಲಿಂಡರಿನೊಳಗೆ ಒತ್ತಡವೇ ಇಳಿದಿರುತ್ತದೆ. ಅಮೆರಿಕೆಯ ರಾಕಿ ಪರ್ವತದ ಪ್ರಾಂತಗಳಲ್ಲಿ 85 ಆಕ್ಟೇನಿನ ಕೀಳು ದರ್ಜೆಯ ಪೆಟ್ರೋಲನ್ನು ಮಾರುವ ರೂಢಿ ಬಂದುದು ಹೀಗೆಯೇ. ಟರ್ಬೋ ಕಾರಿನವರು ಅದನ್ನು ನೋಡಿ ಮೋಸಹೋಗಬಾರದು; ಅವರ ಇಂಜಿನಿನೊಳಗೆ ಬೆಟ್ಟವಿಲ್ಲ, ಸಮುದ್ರಮಟ್ಟವೇ ಇದೆ.

ಮಾಸ್ ಪರೀಕ್ಷೆ ನಡೆಸಿದ ಪೈಕ್ಸ್ ಪೀಕಿನ ಅದೇ ರಸ್ತೆಯಲ್ಲಿ 1916ರಿಂದ ಕಾರಿನ ಓಟದ ಸ್ಪರ್ಧೆಯೂ ನಡೆದುಬಂದಿದೆ. 2013ರಲ್ಲಿ ಸೆಬಾಸ್ಟಿಯನ್ ಲೋಬ್ ಎರಡು ಟರ್ಬೋಗಳ ಪ್ಯೂಜೋ ಕಾರಿನಲ್ಲಿ ಇಪ್ಪತ್ತು ಕಿಲೋಮೀಟರಿನ ಆ ಏರನ್ನು 8 ನಿಮಿಷ 13 ಸೆಕೆಂಡುಗಳಲ್ಲಿ ಮುಗಿಸಿದನು. 2018ರಲ್ಲಿ ರೊಮೇನ್ ದ್ಯೂಮಾ ವೋಕ್ಸ್‌ವ್ಯಾಗನ್ನಿನ ವಿದ್ಯುತ್ ಕಾರಿನಲ್ಲಿ 7 ನಿಮಿಷ 57 ಸೆಕೆಂಡುಗಳಲ್ಲಿ ಏರಿ ಅದನ್ನು ಮುರಿದನು. ವಿದ್ಯುತ್ ಮೋಟಾರು ಉಸಿರಾಡುವುದೇ ಇಲ್ಲವಷ್ಟೆ. ಅದಕ್ಕೆ ಬಯಲೂ ಒಂದೇ, ಶಿಖರವೂ ಒಂದೇ.

ಲೇಹದಲ್ಲಿ ನಾವು ಎರಡು ದಿನ ಉಸಿರಿಗಾಗಿ ಮಲಗಿದ್ದೆವು, ಕಾರು ನಾಲ್ಕು ದಿನ ಮಲಗಿತ್ತು. ಮೆಲ್ಲಗೆ ನಡೆಸಿಕೊಂಡು ಮುಂಬಯಿಗೆ ಮರಳಿದ ಮೇಲೆ ಟರ್ಬೋವನ್ನು ಬಿಚ್ಚಿಸಿದೆವು. ಸ್ನೇಹಿತರು ಕಂಪನಿಯ ಮೂಲ ಅಂಕಿಗಳನ್ನೇ ಮತ್ತೆ ಹಾಕಿಸಿ, ಹೊಸ ಟರ್ಬೋ ಜೋಡಿಸಿಕೊಂಡು, ಹಳೆಯದನ್ನು ನಮ್ಮ ಪ್ರಯೋಗಶಾಲೆಗೆ ಕೊಟ್ಟರು. ವಿದ್ಯಾರ್ಥಿಗಳು ಕೇಳಿದರೆ ಅದನ್ನು ಕಪಾಟಿನಿಂದ ತೆಗೆದು ಕೊಡುತ್ತೇವೆ. ಅಲ್ಯೂಮಿನಿಯಂ ಬದಿಯ ಗಾಲಿಯ ಮೂಗನ್ನು ಎರಡು ಬೆರಳಿನಿಂದ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ ನೋಡಿರಿ. ಚೆನ್ನಾಗಿರುವ ಟರ್ಬೋದಲ್ಲಿ ಅದು ಕೂದಲೆಳೆಯಷ್ಟು ಕದಲೀತು. ಇದರಲ್ಲಿ ಕಟಕಟನೆ ಸದ್ದು ಮಾಡುತ್ತ ಕದಲುತ್ತದೆ, ಮತ್ತು ಗಾಲಿಯ ಅಂಚು ಚಿಪ್ಪಿನ ಒಳಗೋಡೆಗೆ ಉಜ್ಜಿದ ಹೊಳೆಯುವ ಗೀರು ಕಣ್ಣಿಗೆ ಕಾಣುತ್ತದೆ.